ನನ್ನ ಆಂಪ್ಲಿಫೈಯರೂ ದುರಸ್ತಿಯ ಋಣವೂ

ನಲವತ್ತು ವರ್ಷಕ್ಕೂ ಮಿಕ್ಕಿ ಒಂದೇ ಆಂಪ್ಲಿಫೈಯರಿನಲ್ಲಿ ಸಂಗೀತ ಕೇಳುತ್ತ ಬಂದಿದ್ದೇನೆಂದರೆ ಕೆಲವರು ನಗುತ್ತಾರೆ. ಕೆಲವರು, ‘ಹೊಸದೊಂದನ್ನು ಕೊಳ್ಳಬಾರದೇ?’ ಎಂದು ಮರುಕದಿಂದ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವುದು ನಾನು ಎಣಿಸಿದಷ್ಟು ಸುಲಭವಲ್ಲವೆಂದು ಕಳೆದ ವರ್ಷ ನನಗೆ ತಿಳಿಯಿತು.

ಇಂಗ್ಲೆಂಡಿನಿಂದ ಮರಳಿದ ಮಿತ್ರರೊಬ್ಬರಿಂದ 1979ರಲ್ಲಿ ಅದನ್ನು ಕೊಂಡೆ. ಅಂಥ ವಿದೇಶಿ ಸಾಮಾನು ಆಗ ನಮ್ಮ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ತೆತ್ತ ಬೆಲೆ ನನ್ನ ಐದು ತಿಂಗಳ ಸಂಬಳ. ಆ ವಿಷಯವಾಗಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದು ಅನಾವಶ್ಯಕ. ಅದು ಯಾವ ಕಂಪನಿಯದೆಂಬುದೂ ನನ್ನ ವಾದಕ್ಕೆ ಮುಖ್ಯವಲ್ಲ.

ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳಿನಿಂದ ಹೊರಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಅಂಶ. ಅದನ್ನು ಸ್ಪೀಕರು ಅಲುಗುವಷ್ಟು ಬೆಳೆಸುವುದು, ಬೆಳೆಸುವಾಗ ತನ್ನದೇನನ್ನೂ ಸೇರಿಸದಿರುವುದು, ಇಷ್ಟೇ ಆಂಪ್ಲಿಫೈಯರಿನ ಧರ್ಮ. ಒಳ್ಳೆಯ ಭಾಷಾಂತರಕಾರನ ಧರ್ಮವೂ ಹೆಚ್ಚುಕಡಮೆ ಇದೇ. ಇಬ್ಬರಿಗೂ ಅದು ಪೂರ್ತಿ ಸಾಧ್ಯವಾಗುವುದಿಲ್ಲ. ಸಾಧ್ಯವಾದಷ್ಟಕ್ಕೆ ನಾವು ಬೆಲೆ ಕೊಡುತ್ತೇವೆ.

ಕಳೆದ ವರ್ಷ ಒಂದು ಸಂಜೆ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯೊಂದನ್ನು ಕೇಳುತ್ತ ಕುಳಿತಿದ್ದೆ. ಹಾಡು ಮುಗಿಯಿತು. ಪಕ್ಕದಲ್ಲಿ ಓದಿಕೊಳ್ಳುತ್ತಿದ್ದ ಮೊಮ್ಮಗಳು ತಲೆಯೆತ್ತಿ, ‘ತಾತ, ತಂಬೂರಿ ನಿಂತ ಮೇಲೂ ಏನೋ ಗುಂಯ್ ಅಂತ ಇದೆಯಲ್ಲ?’ ಎಂದಳು. ಕಿವಿಗೊಟ್ಟೆ. ಹೌದು, ಗುಂಯ್‌ಗುಡುತ್ತಿತ್ತು. ಎಷ್ಟು ವರ್ಷಗಳಿಂದಲೋ! ಆ ನಾದವನ್ನು ನಾನು ತಂಬೂರಿಯ ಶ್ರುತಿಯ ಭಾಗವೆಂದೇ ಭಾವಿಸಿ ಆನಂದಪಡುತ್ತಿದ್ದೆ.

ಕಾರಣ ಗೂಢವಾದುದೇನೂ ಅಲ್ಲ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹೊಯ್ದಾಡುತ್ತದೆ. ಅದನ್ನು ಒಮ್ಮುಖವಾಗಿಸಿದಾಗ ಸೆಕೆಂಡಿಗೆ 100 ಅಲೆಗಳು ಏಳುತ್ತವೆ. ಆ ಅಲೆಗಳನ್ನು ಸಮಮಾಡುವ ಕೆಲಸ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳದು. ಅಲ್ಯುಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನಿಟ್ಟು ಸುತ್ತಿದ ಸುರುಳಿಗಳು ಅವು. ವರ್ಷಗಳು ಉರುಳಿದಂತೆ ದ್ರವ ಆರುತ್ತದೆ. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಬಲ್ಲವರ ಲೆಕ್ಕ. ಬಳಸದೆ ಮುಚ್ಚಿಟ್ಟರೂ ಅವು ಕೆಡುವುದುಂಟು. ಎಂಥ ಕಾರಖಾನೆಯಲ್ಲಿ ಹುಟ್ಟಿದ ಯಂತ್ರಕ್ಕೂ ಇದು ತಪ್ಪಿದ್ದಲ್ಲ. ದೋಷ ಮೆಲ್ಲಮೆಲ್ಲನೆ ಬೆಳೆದುದರಿಂದಲೇ ಅದು ನನಗೆ ದೋಷವಾಗಿ ತೋರಲಿಲ್ಲ.

ಪೆಟ್ಟಿಗೆಯನ್ನು ಬೆಂಗಳೂರಿನ ದೊಡ್ಡ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿದ್ದ ತರುಣನು ವಿನಯದಿಂದಲೇ, ‘ಇದನ್ನ ರಿಪೇರಿ ಮಾಡಿಸೋ ದುಡ್ಡಿಗೆ ಹೊಸದೇ ಬರುತ್ತೆ, ಸಾರ್’ ಎಂದನು. ಅವನು ಅದನ್ನು ಬಿಚ್ಚಿ ನೋಡಿರಲಿಲ್ಲ. ಒಂದು ಕ್ಷಣ ನನ್ನ ಮನಸ್ಸೂ ಹೊಸದರ ಕಡೆಗೆ ವಾಲಿತು. ಕೊನೆಗೆ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಒಬ್ಬ ವೃದ್ಧರು ಸಿಕ್ಕಿದರು. ಅವರು ಮೊದಲು ಕೇಳಿದ್ದು ಬೆಲೆಯನ್ನಲ್ಲ, ‘ಇದರ ಪುಸ್ತಕ ಇಟ್ಟಿದ್ದೀರಾ, ಸಾರ್?’ ಎಂದು. ಪುಣ್ಯವಶಾತ್ ಇಟ್ಟಿದ್ದೆ. ಅದರ ಕೊನೆಯ ಪುಟದಲ್ಲಿ ಇಡೀ ಯಂತ್ರದ ಸರ್ಕ್ಯೂಟ್ ಚಿತ್ರವಿತ್ತು. ಅದನ್ನು ನೋಡಿ ಅವರ ಮುಖ ಅರಳಿದ ಪರಿಯನ್ನು ಹಳೆಯ ಹಸ್ತಪ್ರತಿ ಕೈಗೆ ಬಂದ ಪಂಡಿತರಲ್ಲಿ ಮಾತ್ರ ನಾನು ಕಂಡಿದ್ದೇನೆ. ಬಿಡಿಭಾಗಗಳಿಗೆ ಕೆಲವು ನೂರು ರೂಪಾಯಿ, ಎರಡು ದಿನದ ಕೂಲಿ, ಗುಂಯ್‌ಕಾರ ನಿಂತಿತು.

ಇಲ್ಲಿಂದ ನನ್ನ ವಾದ ಮೊದಲಾಗುತ್ತದೆ. ಆ ಚಿತ್ರವನ್ನು ಅಚ್ಚುಹಾಕಿದ ತಯಾರಕನಿಗೆ ಒಂದು ವಿಷಯ ತಿಳಿದಿತ್ತು: ಮಾರಿದ ಮೇಲೆ ವಸ್ತು ತನ್ನದಲ್ಲ, ಎಲ್ಲಿಯೋ, ಎಂದೋ, ಅಪರಿಚಿತನೊಬ್ಬನು ಅದನ್ನು ಬಿಚ್ಚಬೇಕಾಗುತ್ತದೆ. ಆ ಕಾಲದ ಉತ್ತಮ ಎಂಜಿನಿಯರುಗಳಲ್ಲಿ ಈ ಔದಾರ್ಯವಿತ್ತು. 1947ರಲ್ಲಿ ಡಿ.ಟಿ.ಎನ್. ವಿಲಿಯಂಸನ್ ತಮ್ಮ ಆಂಪ್ಲಿಫೈಯರಿನ ವಿನ್ಯಾಸವನ್ನು ಲಂಡನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಓದಿ ಮನೆಯಲ್ಲಿಯೇ ಕಟ್ಟಿಕೊಂಡವರು ಅನೇಕರು. ಕ್ವಾಡ್ ಆಂಪ್ಲಿಫೈಯರುಗಳ ಪೀಟರ್ ವಾಕರ್ 1936ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದವರು. 1953ರಲ್ಲಿ ಹೊರತಂದ ‘ಕ್ವಾಡ್ 2’ ಎಂಬ ಒಂದೇ ಮಾದರಿಯನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ತಯಾರಿಸಿದರು. 1975ರಲ್ಲಿ ತಮ್ಮ ‘ಕರೆಂಟ್ ಡಂಪಿಂಗ್’ ವಿಧಾನದ ತತ್ತ್ವವನ್ನು ಅದೇ ಪತ್ರಿಕೆಯಲ್ಲಿ ವಿವರಿಸಿದರು. ಇದರಿಂದ ಅವರ ವ್ಯಾಪಾರ ಮುಳುಗಲಿಲ್ಲ.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುವುದಿಲ್ಲ. ಇಂದಿನ ಆಂಪ್ಲಿಫೈಯರುಗಳಲ್ಲಿ ಎಷ್ಟೋ ನನ್ನದಕ್ಕಿಂತ ಹಗುರ. ಶಾಖವಾಗಿ ಅವು ಪೋಲುಮಾಡುವ ವಿದ್ಯುತ್ತು ಬಹಳ ಕಡಮೆ. ಅಳೆದು ನೋಡಿದರೆ ನಾದವೂ ಹೆಚ್ಚು ಶುದ್ಧವಾಗಿದ್ದೀತು. ನನ್ನ ತಕರಾರು ಹೊಸತನದ ಮೇಲಲ್ಲ. ಬೆಲೆ ಲಕ್ಷಗಟ್ಟಲೆ ಇದ್ದು, ಚಿತ್ರವೂ ಇಲ್ಲದೆ, ಬಿಡಿಭಾಗವೂ ಸಿಗದೆ, ಮುಚ್ಚಳ ತೆರೆಯುವುದೇ ಅಪರಾಧವೆಂಬಂತೆ ಮಾರುವ ಪದ್ಧತಿಯ ಮೇಲೆ. ಅಂಥ ವಸ್ತುವನ್ನು ಕೊಂಡವನು ಒಡೆಯನಲ್ಲ. ಮುಂಗಡವಾಗಿ ಬಾಡಿಗೆ ತೆತ್ತವನು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿ, ಮೊಬೈಲು, ವಾಹನ, ಗೃಹೋಪಕರಣ, ಕೃಷಿಯಂತ್ರಗಳನ್ನು ಅದರ ಗಮನಕ್ಕೆ ತಂದಿತು. ಇದು ಸ್ವಾಗತಾರ್ಹ. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು; ಬಿಚ್ಚಬಲ್ಲ ಕೈಗಳೂ ಬೇಕು. ಗಲ್ಲಿಯ ಆ ವೃದ್ಧರ ಹತ್ತಿರ ಕೆಲಸ ಕಲಿಯುವ ಹುಡುಗರು ಯಾರೂ ಇರಲಿಲ್ಲ. ನಮ್ಮ ಪಾಲಿಟೆಕ್ನಿಕ್ಕುಗಳ ಉಪಾಧ್ಯಾಯರು ಇದನ್ನು ಯೋಚಿಸಬೇಕು.

ಒಡೆಯನ ಕರ್ತವ್ಯವೂ ಒಂದಿದೆ. ಪುಸ್ತಕವನ್ನು ಜೋಪಾನಮಾಡುವುದು, ಯಂತ್ರದ ಸುತ್ತ ಗಾಳಿಗೆ ಎಡೆಬಿಡುವುದು, ಅದನ್ನು ಆಗಾಗ ನುಡಿಸುವುದು, ಇವು ದೊಡ್ಡ ಕೆಲಸಗಳಲ್ಲ. ದೊಡ್ಡದು ಇನ್ನೊಂದು: ನನ್ನ ಕಿವಿಯೇ ಪ್ರಮಾಣವೆಂಬ ಅಹಂಕಾರವನ್ನು ಬಿಡುವುದು.

ದುರಸ್ತಿಯಾದ ದಿನ ಅದೇ ಮುದ್ರಿಕೆಯನ್ನು ಹಾಕಿದೆವು. ತಂಬೂರಿಯ ತಂತಿಗಳ ಮೇಲುಭಾಗದಲ್ಲಿ ಬೆಳ್ಳಿಯ ಪುಡಿ ಉದುರಿದಂತೆ ಸಣ್ಣ ಸದ್ದೊಂದು ಕೇಳಿಸುತ್ತಿದೆಯೆಂದು ಮೊಮ್ಮಗಳು ಹೇಳಿದಳು. 1979ರಲ್ಲಿ ನಾನೂ ಅದನ್ನು ಕೇಳಿದ್ದೆ. ಈಗ ನನಗೆ ಕೇಳಿಸಲಿಲ್ಲ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ನಾದಗಳನ್ನೇ. ಅದಕ್ಕೆ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ದೊರೆಯುವುದಿಲ್ಲ. ಆದರೂ ಆ ಸದ್ದು ನಮ್ಮ ಕೋಣೆಯಲ್ಲಿ ಇತ್ತೆಂಬುದು ನನಗೆ ಸಣ್ಣ ಸಮಾಧಾನವಲ್ಲ.

ಸರ್ಕ್ಯೂಟ್ ಚಿತ್ರದ ಅಂಚಿನಲ್ಲಿ ಆ ವೃದ್ಧರು ತಾವು ಬದಲಾಯಿಸಿದ ಭಾಗಗಳನ್ನೂ ತಾರೀಖನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಅದರ ಕೆಳಗೆ ಮುಂದಿನವರಿಗಾಗಿ ಎರಡು ಸಾಲಿನ ಜಾಗ ಬಿಟ್ಟಿದ್ದಾರೆ. ಪುಸ್ತಕವನ್ನು ಮೊಮ್ಮಗಳ ಕಪಾಟಿನಲ್ಲಿ ಇಡಿಸಿದ್ದೇನೆ.