ಕಾರ್ಪಸ್ ನಿಧಿಯಿಂದ ರಾಜಕಾಲುವೆ ಅಗಲವಾಗದು

ಮಳೆನೀರು ನುಗ್ಗಿದಾಗ ಅಪಾರ್ಟ್‌ಮೆಂಟ್ ಸಂಘಗಳು ಸರ್ಕಾರವನ್ನು ದೂರುವುದು ಬಿಟ್ಟು ತಮ್ಮ ಕಾರ್ಪಸ್ ನಿಧಿಯಿಂದಲೇ ದುರಸ್ತಿ ಮಾಡಿಸಿಕೊಳ್ಳಲಿ ಎಂದು ಕಳೆದ ವಾರದ ಲೇಖನ ಬುದ್ಧಿ ಹೇಳಿದೆ. ಲೇಖಕರು ಒಮ್ಮೆ ಯಲಹಂಕದ ಕೇಂದ್ರೀಯ ವಿಹಾರದ ಕಡೆ ಬರಲಿ. 2021ರ ನವೆಂಬರಿನಲ್ಲಿ ಜಲಾವೃತವಾಗಿ, 2024ರ ಅಕ್ಟೋಬರಿನಲ್ಲಿ ಮತ್ತೆ ಮುಳುಗಿದ ಸಮುಚ್ಚಯ ಅದು. 600ಕ್ಕೂ ಹೆಚ್ಚು ಮನೆಗಳು. ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಯಲಹಂಕ ಕೆರೆ ತುಂಬಿ ಹರಿದ ನೀರನ್ನು ಸಂಘದ ಕಾರ್ಯದರ್ಶಿ ಪೊರಕೆ ಹಿಡಿದು ತಡೆಯಬೇಕಿತ್ತೇ?

ಇಲ್ಲೇ ಬೆಂಗಳೂರಿನ ಸಿಂಗಾಪುರ ಬಡಾವಣೆಯ ನಮಗೆ ಇದು ದೂರದ ಸುದ್ದಿಯಲ್ಲ. ಬೇಸ್‌ಮೆಂಟಿಗೆ ನೀರು ಬಂತೆಂದರೆ ಮೊದಲು ಕೈಕೊಡುವುದು ಲಿಫ್ಟು, ಪಂಪು, ಕರೆಂಟಿನ ಪ್ಯಾನೆಲ್. ಸಂಪ್‌ಗೆ ಚರಂಡಿ ನೀರು ಸೇರಿತೋ, ಐದನೇ ಮಹಡಿಯವರೂ ಕೊಡ ಹಿಡಿದು ಟ್ಯಾಂಕರಿಗೆ ಕಾಯಬೇಕು.

‘ಸಂಘಕ್ಕೆ ಎಲ್ಲ ಅಧಿಕಾರವಿದೆ’ ಎಂಬ ಲೇಖನದ ಮಾತಂತೂ ಕಾಗದದ ಮೇಲಷ್ಟೇ ಚೆಂದ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸದೆ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಬೋರ್ಡು ತೂಗುಹಾಕಿಕೊಂಡ ಸಂಘಗಳು ನಗರದಲ್ಲಿ ಎಷ್ಟಿಲ್ಲ! ಸಾಮಾನ್ಯ ಜಾಗವನ್ನು ಬಿಲ್ಡರ್ ಸಂಘಕ್ಕೆ ಬರೆದುಕೊಡಬೇಕೆಂದು ರಿಯಲ್ ಎಸ್ಟೇಟ್ ಕಾಯ್ದೆ ‘ರೇರಾ’ದ 17ನೇ ಸೆಕ್ಷನ್ ಹೇಳುತ್ತದೆ. ಬರೆಸಿಕೊಳ್ಳಲು ಅಲೆದವರನ್ನು ಕೇಳಿ. ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ, ಸ್ವಾಧೀನ ಕೊಟ್ಟ 5 ವರ್ಷದವರೆಗೆ. ಹಳೆಯ ಕಟ್ಟಡಗಳಿಗೆ ಆ ಆಸರೆಯೂ ಇಲ್ಲ.

ಒಳಗಿನ ಮೋರಿ ನಾವು ಶುಚಿ ಮಾಡುತ್ತೇವೆ, ವಿಮೆಯನ್ನೂ ಮಾಡಿಸೋಣ. ಗೇಟಿನಾಚೆಯ ರಾಜಕಾಲುವೆಯ ಹೂಳಿಗೆ ಮತ್ತೆ ಚಂದಾ ಎತ್ತಬೇಕೇ? ಆಸ್ತಿ ತೆರಿಗೆ ಕಟ್ಟಿದ ರಸೀತಿ ನಮ್ಮಲ್ಲಿದೆ.