ಸಂಶೋಧನೆಗೆ ವಿಷಯವಿದೆ, ಗೈಡ್ ಎಲ್ಲಿ?

ನಂಜನಗೂಡು ಮತ್ತು ತಿ. ನರಸೀಪುರದ ಮುಸ್ಲಿಮ್ ಮನೆಗಳಲ್ಲಿ ಬಿ.ಕಾಂ. ಈಗ ಅಪರೂಪದ ಪದವಿಯಲ್ಲ. ಪದವಿಯ ಜೊತೆಗೆ ಟ್ಯಾಲಿ ಕಲಿತು ಲೆಕ್ಕಪರಿಶೋಧಕರ ಕಚೇರಿಗೋ ಕಾರ್ಖಾನೆಗೋ ಸೇರಿದರೆ ಹೆತ್ತವರಿಗೆ ನೆಮ್ಮದಿ. ಎಂ.ಕಾಂ. ಮುಗಿಸಿದ ಮಗಳು ಪಿಎಚ್.ಡಿ. ಮಾಡುತ್ತೇನೆಂದರೆ ಮಾತ್ರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚೆಷ್ಟು ಎಂಬುದು. ಗೈಡ್ ಯಾರು ಎಂದು ಕೇಳುವವರಿಲ್ಲ. ನಮ್ಮ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಲೆಕ್ಕಪತ್ರ ಮಾಹಿತಿ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಅಂಗಡಿಯಲ್ಲಿ ಒಂದು ಬಿಲ್ಲು ಮುದ್ರಣವಾದೊಡನೆ ದಾಸ್ತಾನು, ತೆರಿಗೆ, ಸಾಲದ ಖಾತೆಗಳೆಲ್ಲ ಬದಲಾಗುತ್ತವೆ. ಆ ದಾಖಲೆಯನ್ನು ಯಾರು ತಿದ್ದಬಹುದು, ತಿದ್ದಿದ್ದು ಗೊತ್ತಾಗುವುದು ಹೇಗೆ ಎಂಬುದೇ ಈ ಶಾಸ್ತ್ರದ ಜೀವಾಳ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಇದು ಸಣ್ಣ ವ್ಯಾಪಾರಿಯ ಬಾಗಿಲಿಗೂ ಬಂತು. ಕಂಪೆನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕೆಂಬ ನಿಯಮ 2023ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಷಯಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ, ನೇಯ್ಗೆಯ ಕಾರ್ಖಾನೆ ಮೈಸೂರಿನಲ್ಲಿದೆ. ಗೂಡಿನಿಂದ ಸೀರೆಯವರೆಗೆ ಲೆಕ್ಕ ಹೇಗೆ ಸಾಗುತ್ತದೆ ಎಂಬುದೇ ಒಂದು ಮಹಾಪ್ರಬಂಧಕ್ಕೆ ಸಾಲುವಷ್ಟಿದೆ.

ತೊಡಕು ಇರುವುದು ಬೇರೆಡೆ. ಅಮೇರಿಕದ ಲೆಕ್ಕಶಾಸ್ತ್ರ ಅಧ್ಯಾಪಕರ ಸಂಘದಲ್ಲಿ ಈ ಶಾಸ್ತ್ರಕ್ಕೆಂದೇ ಪ್ರತ್ಯೇಕ ಶಾಖೆಯಿದೆ. ನಮ್ಮ ಮಾನಸಗಂಗೋತ್ರಿಯಲ್ಲಿ ವಾಣಿಜ್ಯ ವಿಭಾಗವೂ ಇದೆ, ಗಣಕ ವಿಜ್ಞಾನ ವಿಭಾಗವೂ ಇದೆ. ಈ ವಿಷಯ ಎರಡರ ನಡುವೆ ಬೀಳುತ್ತದೆ. ಖಾತೆ ಬಲ್ಲವರಿಗೆ ದತ್ತಾಂಶ ಕೋಶದ ಒಳಹೊರಗು ತಿಳಿದಿರಬೇಕೆಂದಿಲ್ಲ, ಅದನ್ನು ಬಲ್ಲವರಿಗೆ ಜಮಾ-ಖರ್ಚಿನ ಗೋಜು ಬೇಡ. ಊರಿನ ಕಾಲೇಜಿನ ಉಪನ್ಯಾಸಕರನ್ನೇ ಕೇಳೋಣವೆಂದರೆ, ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಬಹುಪಾಲು ಅತಿಥಿ ಉಪನ್ಯಾಸಕರ ಬಲದಿಂದ. ಖಾಯಂ ಅಧ್ಯಾಪಕರಲ್ಲದವರು ಗೈಡ್ ಆಗುವಂತಿಲ್ಲ. ಹತ್ತಾರು ವರ್ಷ ಪಾಠ ಹೇಳಿದವರನ್ನು ದುಡಿಸಿಕೊಂಡೂ ಖಾಯಂ ಮಾಡದ ಸರಕಾರಗಳು ಈ ಕೊರತೆಯ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಯುಜಿಸಿಯ 2022ರ ನಿಯಮಾವಳಿಯನ್ನು ನಮ್ಮ ಅಭ್ಯರ್ಥಿಗಳು ಅರ್ಜಿಗೆ ಮುಂಚೆಯೇ ಓದಬೇಕು. ಏಕಕಾಲದಲ್ಲಿ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿಯಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಹೆಸರು ಕೇಳಿ ಹೋಗಿ ಬಾಗಿಲಲ್ಲಿ ನಿಲ್ಲುವ ಮೊದಲು ಇದನ್ನು ವಿಚಾರಿಸಿಕೊಂಡರೆ ಒಂದು ವರ್ಷ ಉಳಿಯುತ್ತದೆ. ಅದೇ ನಿಯಮಾವಳಿ ಬೇರೆ ವಿಭಾಗದಿಂದ, ಬೇರೆ ಸಂಸ್ಥೆಯಿಂದಲೂ ಸಹ ಮಾರ್ಗದರ್ಶಕರನ್ನು ಪಡೆಯಲು ಅವಕಾಶ ಕೊಟ್ಟಿದೆ. ನಮ್ಮ ವಿಷಯಕ್ಕೆ ಇದೇ ಕೀಲಿಕೈ. ವಾಣಿಜ್ಯದವರು ಗೈಡ್, ಗಣಕ ವಿಜ್ಞಾನದವರು ಸಹ ಗೈಡ್. ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕಾಗಿರುವುದರಿಂದ, ಆ ಸಮಿತಿಯಲ್ಲೂ ಎರಡೂ ಬಲ್ಲವರಿರುವಂತೆ ಆರಂಭದಲ್ಲೇ ವಿನಂತಿಸಿಕೊಳ್ಳಬೇಕು.

ಗೈಡ್‌ಗಳನ್ನು ಹುಡುಕುವುದೆಲ್ಲಿ? ‘ಶೋಧಗಂಗಾ’ ಎಂಬ ಭಂಡಾರದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳಿವೆ, ಅವುಗಳ ಮೇಲೆ ಗೈಡ್‌ಗಳ ಹೆಸರೂ ಇದೆ. ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಅವರು ಮಾಡಿಸಿದ ಪ್ರಬಂಧವನ್ನು ಓದಿ, ಎರಡು ಪುಟಗಳ ಸ್ಪಷ್ಟ ಟಿಪ್ಪಣಿಯೊಡನೆ ಭೇಟಿಯಾಗುವುದಕ್ಕೂ, ಪರಿಚಯದವರ ಶಿಫಾರಸು ಹಿಡಿದು ಹೋಗುವುದಕ್ಕೂ ಬಹಳ ಅಂತರವಿದೆ. ಒಂದು ಹದೀಸಿಗಾಗಿ ತಿಂಗಳುಗಟ್ಟಲೆ ಪಯಣಿಸಿ ಗುರುವನ್ನು ಹುಡುಕಿದವರ ಕಥೆಯನ್ನು ಮಿಂಬರಿನಲ್ಲಿ ಕೇಳಿದ ನಮಗೆ ಮೈಸೂರಿನ ಬಸ್ಸು ದೂರವೇನಲ್ಲ.

ಹೆಣ್ಣುಮಕ್ಕಳ ಹೆತ್ತವರು ಇನ್ನೊಂದನ್ನು ತಿಳಿದಿರಲಿ. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ನಿಯಮಾವಳಿಯೇ ದಾರಿ ತೋರಿಸಿದೆ. 240 ದಿನಗಳವರೆಗೆ ಹೆರಿಗೆ ರಜೆಯಿದೆ, ಅವಧಿಯಲ್ಲೂ ಎರಡು ವರ್ಷಗಳ ರಿಯಾಯಿತಿಯಿದೆ. “ಮದುವೆಯಾದರೆ ಓದು ನಿಲ್ಲುತ್ತದೆ, ಹಾಗಾಗಿ ಸೇರಿಸುವುದೇ ಬೇಡ” ಎಂಬುದು ಕಾನೂನಿನ ಮಾತಲ್ಲ, ನಮ್ಮದು.

ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ನಿಲ್ಲಿಸಿದ್ದು ಇಂತಹ ಮನೆಗಳಿಗೆ ಬಿದ್ದ ಪೆಟ್ಟು. ಅದನ್ನು ಮರಳಿ ಕೇಳುತ್ತಲೇ ಇರಬೇಕು. ಅಷ್ಟರವರೆಗೆ ಎರಡೂ ಊರುಗಳ ಜಮಾಅತ್‌ಗಳು ಒಂದು ಕೆಲಸ ಮಾಡಬಹುದು. ಪಿಎಚ್.ಡಿ. ಮುಗಿಸಿದವರನ್ನು, ಅವರು ಯಾವ ಸಮುದಾಯದವರೇ ಆಗಿರಲಿ, ಪ್ರವೇಶದ ಅಧಿಸೂಚನೆ ಹೊರಡುವ ಮೊದಲು ಒಂದು ಆದಿತ್ಯವಾರ ಕರೆಸಿ ಎಂ.ಕಾಂ. ವಿದ್ಯಾರ್ಥಿಗಳ ಜೊತೆ ಕೂರಿಸಲಿ. ಹಾರ, ಶಾಲು, ಅಧ್ಯಕ್ಷೀಯ ಭಾಷಣ ಬೇಡ. ಒಂದು ಮೇಜು, ನಾಲ್ಕು ಕುರ್ಚಿ, ವಿದ್ಯಾರ್ಥಿ ಬರೆದು ತಂದ ಎರಡು ಪುಟ ಇದ್ದರೆ ಸಾಕು.