ಹಗಲು ಕುದುರೆಯಾಗುವ ಗಂಡ!

“ಮಗಳು ರಾಜರಾಣಿಯರ ತಮಾಷೆ ಕಾದಂಬರಿ ಹಿಡಿದು ಕೂತರೆ ಏಳೋದೇ ಇಲ್ಲ, ಅದನ್ನೇ ನಿಜವಾದ ಇತಿಹಾಸ ಅಂದುಕೊಂಡರೆ?” ಅಂತ ಎಷ್ಟೋ ಅಮ್ಮಂದಿರಿಗೆ ಆತಂಕ. ದಯವಿಟ್ಟು ಪುಸ್ತಕ ಕಿತ್ತುಕೊಳ್ಳಬೇಡಿ.

ಮೂವರು ಲೇಖಕಿಯರು ಸೇರಿ ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿ ‘ಮೈ ಲೇಡಿ ಜೇನ್’ (2016) ನೋಡಿ. ಇಂಗ್ಲೆಂಡಿನ ದೊರೆ ಆರನೇ ಎಡ್ವರ್ಡ್ ಹಕ್ಕಿಯಾಗಿ ಹಾರ್ತಾನೆ. ಜೇನ್ ಗ್ರೇಯ ಗಂಡ ಹಗಲೆಲ್ಲ ಕುದುರೆ! (ಗಂಡ ಹಗಲು ಕೈಗೆ ಸಿಗದಿರೋದು ನಮಗೇನು ಹೊಸದಲ್ಲ ಬಿಡಿ.) ಕೊನೆಗೆ ಜೇನ್ ಬದುಕಿಕೊಳ್ತಾಳೆ.

ನಿಜವಾದ ಜೇನ್ ಬದುಕಲಿಲ್ಲ. 1553ರ ಮೇ ತಿಂಗಳಲ್ಲಿ ಹಿರಿಯರೇ ಗೊತ್ತುಮಾಡಿದ ಮದುವೆ, ಜುಲೈನಲ್ಲಿ ಸಿಂಹಾಸನ. ಅದೂ 9 ದಿನ ಮಾತ್ರ. 1554ರ ಫೆಬ್ರವರಿ 12ರಂದು ತಲೆ ಕಡಿದರು. ಆಗಿನ್ನೂ 16-17ರ ಹುಡುಗಿ. ಮನೆಮಂದಿಯೆಲ್ಲ ಬೇಟೆಗೆ ಹೋದಾಗ ಒಬ್ಬಳೇ ಕೂತು ಪ್ಲೇಟೋ ಓದುತ್ತಿದ್ದವಳು. ಅಪ್ಪ ಅಮ್ಮ ಬೈಯುತ್ತಾರೆ, ಚಿವುಟುತ್ತಾರೆ, ಪಾಠದ ಹೊತ್ತಿನಲ್ಲಷ್ಟೇ ನೆಮ್ಮದಿ ಅಂತ ವಿದ್ವಾಂಸ ರೋಜರ್ ಆಸ್ಕಮ್ ಬಳಿ ಹೇಳಿಕೊಂಡಿದ್ದಳು. ಆತ ಅದನ್ನು ಬರೆದಿಟ್ಟಿದ್ದಾನೆ.

ಮಗಳು ನಕ್ಕು ಮುಗಿಸಿದ ಮೇಲೆ ಇದನ್ನೂ ಹೇಳಿ. ಲೇಖಕಿಯರು ಕೊನೆಯನ್ನು ಯಾಕೆ ಬದಲಾಯಿಸಿದರು ಅಂತ ಅವಳನ್ನೇ ಕೇಳಿ. ಉತ್ತರ ಕೇಳುವಾಗ ಮಾತ್ರ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ.